ಹಳೇ ಟ್ರೆಂಚರ್ ಮತ್ತು ಕಪ್ಪು ಜೌಗಿನ ಹೆಂಚುಗಳು

ಮನೆಗೆ ಅಂತ ಒಂದು ಹಳೇ ಟ್ರೆಂಚರ್ ಕೊಂಡುಕೊಂಡೆ ಅಂದರೆ ಊರಿನಲ್ಲಿ ಯಾರಿಗೂ ಅರ್ಥ ಆಗೋದಿಲ್ಲ. ಜೆಸಿಬಿಯಾ ಅಂತ ಕೇಳುತ್ತಾರೆ. ಅಲ್ಲ. ಜೆಸಿಬಿ ಗುಂಡಿ ತೋಡುತ್ತದೆ, ಇದು ಗೀರು ಎಳೆಯುತ್ತದೆ. ಮರ ಕೊಯ್ಯುವ ಚೈನ್ ಸಾ ಇದೆಯಲ್ಲ, ಅದನ್ನೇ ಹತ್ತು ಪಟ್ಟು ದೊಡ್ಡದು ಮಾಡಿ, ಹಲ್ಲುಗಳಿಗೆ ಕಬ್ಬಿಣದ ಬಟ್ಟಲಿನ ಆಕಾರ ಕೊಟ್ಟು, ಎರಡು ಗಾಲಿಯ ಮೇಲೆ ಕೂರಿಸಿ, ಹಿಂದೊಂದು ಪೆಟ್ರೋಲ್ ಎಂಜಿನ್ ಇಟ್ಟರೆ ಹೇಗಿರುತ್ತದೋ ಹಾಗೆ. ನಾಲ್ಕೈದು ಇಂಚು ಅಗಲ, ಎರಡು ಮೂರು ಅಡಿ ಆಳದ ಸೀಳು ಬಿಡುತ್ತಾ ಹೋಗುತ್ತದೆ. ನಡೆಸುವವನು ಹಿಂದೆ ಹಿಂದೆ ಹೆಜ್ಜೆ ಹಾಕಬೇಕು, ಮುಂದಕ್ಕಲ್ಲ. ತಿರುಗುವ ಸರಪಳಿ ಮಣ್ಣನ್ನು ಮೇಲಕ್ಕೆ ತರುತ್ತದೆ, ಪಕ್ಕದಲ್ಲಿರುವ ಸುರುಳಿಯಾಕಾರದ ಆಗರ್ ಅದನ್ನು ಬದಿಗೆ ತಳ್ಳುತ್ತದೆ. ಅಷ್ಟೇ ಅದರ ವಿದ್ಯೆ.

ನನಗೆ ಸಿಕ್ಕಿದ್ದು 1980ರ ದಶಕದ ಒಂದು ಡಿಚ್ ವಿಚ್. ಹೆಸರಿನ ಅರ್ಥ ಕನ್ನಡದಲ್ಲಿ ಹೇಳಿದರೆ ಅಗಳದ ಮಾಟಗಾತಿ :-) ಹತ್ತು ಮೈಲಿ ದೂರದ ಒಬ್ಬ ನಿವೃತ್ತ ಪ್ಲಂಬರ್ ತಮ್ಮ ಶೆಡ್ಡಿನ ಮೂಲೆಯಿಂದ ಎಳೆದು ತೋರಿಸಿದರು. ಕಿತ್ತಳೆ ಬಣ್ಣ ಮಾಸಿ ಮಾವಿನಕಾಯಿ ಉಪ್ಪಿನಕಾಯಿಯ ಬಣ್ಣಕ್ಕೆ ಬಂದಿತ್ತು. ಒಂಬೈನೂರು ಡಾಲರ್. ಬಾಡಿಗೆಗೆ ತಂದರೆ ದಿನಕ್ಕೆ ಇನ್ನೂರು ಡಾಲರಿನ ಆಸುಪಾಸು, ನನ್ನ ಕೆಲಸವೋ ಶನಿವಾರ ಭಾನುವಾರ ಮಾತ್ರ, ಅದೂ ಮಳೆ ಇಲ್ಲದಿದ್ದರೆ. ಲೆಕ್ಕ ಸರಿಹೋಯಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಎಣ್ಣೆ ಬದಲಾಯಿಸಿ, ಸವೆದ ಹಲ್ಲು ಹನ್ನೊಂದನ್ನು ಹೊಸದು ಹಾಕಿ, ಸರಪಳಿಯ ಸಡಿಲ ಬಿಗಿ ಮಾಡುವಷ್ಟರಲ್ಲಿ ಮೂರು ವಾರ ಕಳೆಯಿತು. ಆ ಮೂರು ವಾರದಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡು ಕೂತಾಗ ಹುಟ್ಟಿದ ಕುತೂಹಲವೇ ಈ ಬರಹ. ಇಷ್ಟು ಸರಳವಾದ ಯಂತ್ರ ಯಾವಾಗ ಹುಟ್ಟಿತು, ಯಾಕೆ ಹುಟ್ಟಿತು?

ಎಂಜಿನ್ ಪಕ್ಕದ ತಗಡಿನ ಮೇಲೆ ಪೆರ್ರಿ, ಓಕ್ಲಹೋಮಾ ಅಂತ ಇದೆ. ಈ ಪೆರ್ರಿ ಊರು ಹುಟ್ಟಿದ್ದು ಒಂದೇ ದಿನದಲ್ಲಿ. 1893ರ ಸೆಪ್ಟೆಂಬರ್ 16ರ ಮಧ್ಯಾಹ್ನ, ಚೆರೋಕಿಗಳಿಂದ ಸರ್ಕಾರ ತೆಗೆದುಕೊಂಡಿದ್ದ 60 ಲಕ್ಷ ಎಕರೆಗೂ ಹೆಚ್ಚು ಭೂಮಿಯನ್ನು ಓಟದ ಪಂದ್ಯದ ಹಾಗೆ ಬಿಳಿಯರಿಗೆ ಬಿಟ್ಟರು. ಗುಂಡು ಹಾರಿದ ತಕ್ಷಣ ಒಂದು ಲಕ್ಷಕ್ಕೂ ಹೆಚ್ಚು ಜನ ಕುದುರೆ, ಗಾಡಿ, ರೈಲು ಹಿಡಿದು ನುಗ್ಗಿದರು, ಮೊದಲು ಗೂಟ ಹೊಡೆದವನದು ಜಮೀನು. ಚೆರೋಕಿಗಳ ಪಾಲಿಗೆ ಇದು ಯಾವ ಬಗೆಯ ಪಂದ್ಯ ಅಂತ ನೀವೇ ಊಹಿಸಿಕೊಳ್ಳಿ. ಅಂಥ ಊರಿಗೆ 1902ರಲ್ಲಿ ಕಾರ್ಲ್ ಮಾಲ್ಜಾನ್ ಅನ್ನುವ ಜರ್ಮನ್ ವಲಸೆಗಾರ ಬಂದು ಕುಲುಮೆ ಹಾಕಿದ. ಮಗ ಚಾರ್ಲಿಯ ಕಾಲಕ್ಕೆ ಕುಲುಮೆ ಹೋಗಿ ಮೆಷಿನ್ ಶಾಪ್ ಆಯಿತು, ಸುತ್ತಲಿನ ತೈಲಬಾವಿಗಳ ರಿಪೇರಿ ಕೆಲಸ. ಮೊಮ್ಮಗ ಎಡ್ ಮಾಲ್ಜಾನ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಅಪ್ಪನ ಅಂಗಡಿಗೇ ವಾಪಸ್ ಬಂದ.

ಎರಡನೇ ಮಹಾಯುದ್ಧ ಮುಗಿದ ಹೊಸತು. ಸೈನಿಕರು ಮನೆಗೆ ಬಂದಿದ್ದಾರೆ, ಎಲ್ಲೆಲ್ಲೂ ಹೊಸ ಮನೆಗಳು, ಹಳೇ ಮನೆಗಳಿಗೂ ಒಳಗೇ ನಲ್ಲಿ, ಒಳಗೇ ಕಕ್ಕಸು. ಅಂದರೆ ಬೀದಿಯ ದೊಡ್ಡ ಪೈಪಿನಿಂದ ಪ್ರತಿ ಮನೆಗೂ ಒಂದು ಸಣ್ಣ ಪೈಪ್ ಹೋಗಬೇಕು. ಬೀದಿಯ ಪೈಪ್ ಹಾಕುವುದಕ್ಕೆ ಆಗಲೇ ದೈತ್ಯ ಯಂತ್ರಗಳಿದ್ದವು. ಆದರೆ ಬೀದಿಯಿಂದ ಮನೆ ಬಾಗಿಲವರೆಗಿನ ನಲವತ್ತು ಐವತ್ತು ಅಡಿ? ಅಲ್ಲಿ ಆ ದೈತ್ಯವನ್ನು ತಂದರೆ ಮನೆಯ ಹೂದೋಟವೇ ಹೋಗುತ್ತದೆ, ಖರ್ಚೂ ಗಿಟ್ಟುವುದಿಲ್ಲ. ಹಾಗಾಗಿ ಇಬ್ಬರು ಮೂವರು ಆಳುಗಳು ಪಿಕಾಸಿ, ಸಲಿಕೆ ಹಿಡಿದು ದಿನವೆಲ್ಲ ಅಗೆಯುತ್ತಿದ್ದರು. ಎಡ್ ನೋಡಿದ್ದು ಇದನ್ನೇ. ಅಪ್ಪ ಮಗ ಸೇರಿ ಅಂಗಡಿಯಲ್ಲೇ ಒಂದು ಮಾದರಿ ಮಾಡಿದರು, 1949ಕ್ಕೆ ಮಾರಾಟಕ್ಕೆ ಬಂತು. ಸರಪಳಿಯ ಮೇಲೆ ಸಣ್ಣ ಸಣ್ಣ ಉಗುರಿನ ಬಟ್ಟಲುಗಳು, ಒಬ್ಬನೇ ನಿಂತು ನಡೆಸಬಹುದು. ಅದಕ್ಕೆ ಡಿಡಬ್ಲ್ಯುಪಿ ಅಂತ ಹೆಸರು. ಎಡ್ 2015ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಚಾರ್ಲ್ಸ್ ಮೆಷಿನ್ ವರ್ಕ್ಸ್ ಅನ್ನುವ ಅಪ್ಪನ ಹೆಸರಿನ ಆ ಕಂಪನಿಯನ್ನು 2019ರಲ್ಲಿ ಟೋರೋ ಕಂಪನಿ ಸುಮಾರು 70 ಕೋಟಿ ಡಾಲರಿಗೆ ಕೊಂಡಿತು. ಬೆಂಗಳೂರಿನ ರಸ್ತೆ ಬದಿಯಲ್ಲಿ, ಡಾಂಬರು ಅಗೆಯದೆ ನೆಲದಡಿಯಲ್ಲೇ ಕೇಬಲ್ ತೂರಿಸುವ ಯಂತ್ರಗಳನ್ನು ನೀವು ನೋಡಿರುತ್ತೀರಿ. ಈ ಪೆರ್ರಿ ಊರಿನ ಕಂಪನಿ ಅದನ್ನೂ ಮಾಡುತ್ತದೆ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಆದರೆ "ಬೀದಿಗೆ ದೈತ್ಯ ಯಂತ್ರಗಳಿದ್ದವು" ಅಂದೆನಲ್ಲ, ಆ ದೈತ್ಯ ಎಲ್ಲಿಂದ ಬಂತು ಅಂತ ಹುಡುಕಿದರೆ ಉತ್ತರ ನನ್ನ ಮನೆಯ ಹಿತ್ತಲಿಗೇ ಬಂದು ನಿಲ್ಲಬೇಕೇ!

ನಾನಿರುವುದು ಓಹಾಯೋ ರಾಜ್ಯದ ವಾಯವ್ಯ ಮೂಲೆ, ಬೌಲಿಂಗ್ ಗ್ರೀನ್ ಹತ್ತಿರ. ಕಣ್ಣು ಹಾಯುವವರೆಗೆ ಮೇಜಿನ ಹಾಗೆ ಚಪ್ಪಟೆ ನೆಲ, ಜೋಳ, ಸೋಯಾ, ಮಧ್ಯೆ ನೂಲು ಹಿಡಿದು ಎಳೆದ ಹಾಗೆ ನೇರ ರಸ್ತೆ, ರಸ್ತೆಯ ಬದಿಗೆ ಅಷ್ಟೇ ನೇರವಾದ ಕಾಲುವೆ. ಮಲೆನಾಡಿನಿಂದ ಬಂದವನಿಗೆ ಮೊದಲ ವರ್ಷ ಕಣ್ಣಿಗೆ ಆಸರೆಯೇ ಸಿಗಲಿಲ್ಲ. ಇನ್ನೂರು ವರ್ಷದ ಹಿಂದೆ ಇದು ಹೀಗಿರಲಿಲ್ಲ. ಹಿಮಯುಗದ ಒಂದು ಸರೋವರ ಹಿಂದೆ ಸರಿದಾಗ ಬಿಟ್ಟುಹೋದ ಜೇಡಿಮಣ್ಣಿನ ಮೇಲೆ ಸುಮಾರು 40 ಮೈಲಿ ಅಗಲ, 120 ಮೈಲಿ ಉದ್ದದ ಜೌಗು ಕಾಡು. ಗ್ರೇಟ್ ಬ್ಲ್ಯಾಕ್ ಸ್ವಾಂಪ್, ನಮ್ಮ ಬಾಯಲ್ಲಿ ಹೇಳುವುದಾದರೆ ಮಹಾ ಕಪ್ಪು ಜೌಗು. ಹಗಲಲ್ಲೂ ಬಿಸಿಲು ಬೀಳದಷ್ಟು ದಟ್ಟ ಮರಗಳು, ಮೊಣಕಾಲುದ್ದ ನೀರು, ಸೊಳ್ಳೆ. 1812ರ ಯುದ್ಧದಲ್ಲಿ ಡೆಟ್ರಾಯ್ಟ್ ಕಡೆಗೆ ಹೊರಟ ಅಮೆರಿಕದ ಸೈನ್ಯ ಇದರಲ್ಲಿ ಕಾಲು ಹೂತುಕೊಂಡು ಒದ್ದಾಡಿತು. ಸುತ್ತಲಿನ ನಾಡೆಲ್ಲ ಜನ ತುಂಬಿದ ಮೇಲೂ ಇದು ಖಾಲಿಯೇ ಇತ್ತು. ಬಂದವರಿಗೆ ಚಳಿಜ್ವರ. ನಮ್ಮಜ್ಜಿ ಹೇಳುತ್ತಿದ್ದ, ಡಿಡಿಟಿ ಬರುವುದಕ್ಕೆ ಮುಂಚಿನ ಮಲೆನಾಡಿನ ಜ್ವರದ ಕಥೆಗಳನ್ನೇ ಇಲ್ಲಿಯ ಹಳೇ ಬರಹಗಳಲ್ಲಿ ಓದಿದ ಹಾಗಾಯಿತು ನನಗೆ. ಅದೇ ಮಲೇರಿಯಾ, ಅದೇ ಕ್ವಿನೈನ್.

ಹತ್ತೊಂಬತ್ತನೇ ಶತಮಾನದ ಎರಡನೇ ಭಾಗದಲ್ಲಿ ಈ ನೀರನ್ನು ಬಸಿದರು. 1859ರಲ್ಲಿ ರಾಜ್ಯ ಕಾಲುವೆ ಕಾನೂನು ಮಾಡಿತು, ರಸ್ತೆ ಬದಿಗೆ ದೊಡ್ಡ ಕಾಲುವೆಗಳು ಬಂದವು. ಆದರೆ ಜೇಡಿಮಣ್ಣು ಬರೀ ತೆರೆದ ಕಾಲುವೆಗೆ ಬಗ್ಗುವುದಿಲ್ಲ, ಹೊಲದ ನಡುವಿನ ನೀರು ಅಲ್ಲೇ ಕೂತಿರುತ್ತದೆ. ಅದಕ್ಕೆ ಉಪಾಯ ನೆಲದೊಳಗೆ ಸುಟ್ಟ ಮಣ್ಣಿನ ಕೊಳವೆ ಹೂಳುವುದು. ಅಮೆರಿಕದಲ್ಲಿ ಇದನ್ನು ಶುರುಮಾಡಿದ್ದು ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಜಾನ್ ಜಾನ್‌ಸ್ಟನ್ ಅನ್ನುವ ಸ್ಕಾಟ್ಲೆಂಡಿನ ರೈತ, 1830ರ ದಶಕದಲ್ಲಿ. ಈ ಮನುಷ್ಯ ಹುಚ್ಚು ಹಿಡಿದು ಮಡಕೆ ಕುಡಿಕೆ ಹೂಳುತ್ತಿದ್ದಾನೆ ಅಂತ ನೆರೆಯವರು ನಕ್ಕರಂತೆ. ಗೋಧಿ ಫಸಲು ನೋಡಿದ ಮೇಲೆ ನಗು ನಿಂತಿತು. ಕೊನೆಗೆ ಅವನ ಜಮೀನಿನಲ್ಲಿ ಸುಮಾರು 72 ಮೈಲಿ ಉದ್ದದ ಕೊಳವೆ ಇತ್ತು. ಇದಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ಟೈಲ್ ಅಂತಲೇ ಹೆಸರು. ಮೊದಮೊದಲು ಅದು ಪೂರ್ತಿ ಕೊಳವೆ ಆಗಿರದೆ ಕುದುರೆ ಲಾಳದ ಆಕಾರದಲ್ಲಿ, ನಮ್ಮ ನಾಡಹೆಂಚನ್ನು ಬೋರಲು ಹಾಕಿದ ಹಾಗೆ ಇರುತ್ತಿತ್ತು. ಪೈಪಿಗೆ ಯಾಕೆ ಹೆಂಚು ಅನ್ನುತ್ತಾರಪ್ಪ ಅನ್ನುವ ನನ್ನ ಎಷ್ಟೋ ವರ್ಷದ ಅನುಮಾನ ಹೀಗೆ ಬಗೆಹರಿಯಿತು.

ಇಲ್ಲಿ ಒಂದು ಮಾತು. ಅಡಿಕೆ ತೋಟ ಇರುವವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಎರಡು ಸಾಲು ಮರದ ನಡುವೆ ಬಸಿಗಾಲುವೆ ಇಲ್ಲದ ತೋಟ ತೋಟವೇ ಅಲ್ಲ. ನೀರು ನಿಂತರೆ ಬೇರು ಕೊಳೆತು ಮರ ಹಳದಿಯಾಗುತ್ತದೆ. ಅಪ್ಪಯ್ಯನಿಗೆ ಫೋನಿನಲ್ಲಿ ಟ್ರೆಂಚರ್ ವಿಷಯ ಹೇಳಿದಾಗ ಅವರು ಅರ್ಧ ನಿಮಿಷದಲ್ಲಿ ಎಲ್ಲಾ ಗ್ರಹಿಸಿ, "ಅಂದ್ರೆ ಬಸಿಗಾಲುವೆ ಹೊಡೀತಿದೀಯ ಅನ್ನು. ಅದಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತೇನೋ ಮಾರಾಯ, ಇಲ್ಲೇ ಬೇಕಾದಷ್ಟು ಬಾಕಿ ಇತ್ತು" ಅಂದರು. ನಮ್ಮದು ಬಾಯಿ ತೆರೆದ ಕಾಲುವೆ, ವರ್ಷ ವರ್ಷ ಹೂಳು ತೆಗೆಯಬೇಕು. ಇವರದು ಮುಚ್ಚಿದ ಕಾಲುವೆ, ಮೇಲೆ ನೇಗಿಲು ಓಡಬೇಕಲ್ಲ.

ಮುಚ್ಚಿದ್ದೆಂದರೆ ಮೂರು ನಾಲ್ಕು ಅಡಿ ಆಳ ಅಗೆಯಬೇಕು, ಮೈಲಿಗಟ್ಟಲೆ. ಕಿರಿದಾದ ಉದ್ದ ಸಲಿಕೆ ಹಿಡಿದು ವಲಸೆ ಬಂದ ಐರಿಶ್, ಜರ್ಮನ್ ಆಳುಗಳು ಅಗೆದರು. ಬರೀ ಅಗೆದರೆ ಸಾಲದು, ತಳ ಸಮನಾಗಿ ಇಳಿಜಾರಾಗಿರಬೇಕು. ಒಂದು ಕಡೆ ಎರಡು ಇಂಚು ಉಬ್ಬಿದರೂ ಅಲ್ಲಿ ಹೂಳು ಕೂತು ಇಡೀ ಸಾಲು ಹಾಳು. ತಳದಲ್ಲಿ ನೀರು ಹರಿಸಿ, ಅದು ಎತ್ತ ಓಡುತ್ತದೆ ನೋಡಿ ಮಟ್ಟ ತಿಳಿಯುತ್ತಿದ್ದರು. ಇದನ್ನು ಯಂತ್ರಕ್ಕೆ ಕಲಿಸಿದವನು ಜೇಮ್ಸ್ ಹಿಲ್, ಇದೇ ಬೌಲಿಂಗ್ ಗ್ರೀನಿನವನು, 1890ರ ದಶಕದಲ್ಲಿ. ಉಗಿ ಎಂಜಿನ್, ಹಿಂಬದಿಗೆ ಬಟ್ಟಲುಗಳಿರುವ ದೊಡ್ಡ ಚಕ್ರ, ನಮ್ಮ ಏತದ ಚಕ್ರವನ್ನು ಮಣ್ಣಿಗಿಳಿಸಿದ ಹಾಗೆ. ಮುಂದೆ ಸಾಲಾಗಿ ನೆಟ್ಟ ಗುರಿಗೂಟಗಳನ್ನು ನೋಡುತ್ತಾ ಚಕ್ರವನ್ನು ಏರಿಸಿ ಇಳಿಸುತ್ತಾ ಹೋದರೆ ಒಂದೇ ಸಲಕ್ಕೆ ಬೇಕಾದ ಆಳ, ಬೇಕಾದ ಇಳಿಜಾರು. ಬಕೈ ಟ್ರ್ಯಾಕ್ಷನ್ ಡಿಚರ್ ಅಂತ ಹೆಸರಾಯಿತು. 1902ರಲ್ಲಿ ತಯಾರಾದ ಒಂದನ್ನು ಹತ್ತಿರದ ಫಿಂಡ್ಲೆ ಊರಿನ ಮ್ಯೂಸಿಯಮ್ಮು ಉಳಿಸಿಕೊಂಡಿದೆ, ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಅದನ್ನು ಐತಿಹಾಸಿಕ ಹೆಗ್ಗುರುತು ಅಂತ ಗುರುತಿಸಿದೆ. ಎಡ್ ಮಾಲ್ಜಾನ್ ಚಿಕ್ಕದು ಮಾಡಿದ್ದು ಈ ವಂಶದ ಯಂತ್ರಗಳನ್ನೇ.

(ದೊಡ್ಡದು ಮಾಡಲು ಹೋದವರೂ ಇದ್ದಾರೆ. 1939ರಲ್ಲಿ ಚರ್ಚಿಲ್ ಸಾಹೇಬರಿಗೆ ಒಂದು ಆಲೋಚನೆ ಬಂತು. ಐದು ಅಡಿ ಆಳದ ಕಂದಕ ತೋಡುತ್ತಾ ರಾತ್ರೋರಾತ್ರಿ ಜರ್ಮನ್ ಸಾಲಿನವರೆಗೆ ಹೋಗುವ ಯಂತ್ರ, ಅದರ ಹಿಂದೆ ಕಂದಕದೊಳಗೇ ಸೈನಿಕರು. ಲಿಂಕನ್ ಊರಿನ ರಸ್ಟನ್ ಬುಸೈರಸ್ ಕಂಪನಿ ಮಾಡಿಯೂ ಮಾಡಿತು. ಉದ್ದ 77 ಅಡಿ, ತೂಕ ಸುಮಾರು 130 ಟನ್. ಅಷ್ಟರಲ್ಲಿ 1940ರ ಮೇ ತಿಂಗಳಲ್ಲಿ ಜರ್ಮನ್ ಟ್ಯಾಂಕುಗಳು ಫ್ರಾನ್ಸಿಗೆ ನುಗ್ಗಿ ಕಂದಕದ ಯುದ್ಧವೇ ಹಳತಾಗಿತ್ತು. ಒಂದು ಗುಂಡೂ ಹಾರಿಸದೆ ಗುಜರಿಗೆ ಹೋಯಿತು.)

ಈಗ ನನ್ನ ಹಿತ್ತಲಿಗೆ ಬರೋಣ. ನಮ್ಮ ಮನೆಯ ಬೇಸ್‌ಮೆಂಟಿಗೆ ಪ್ರತಿ ವಸಂತದಲ್ಲಿ ನೀರು ಬರುತ್ತಿತ್ತು. ಹಿಮ ಕರಗಿದ ಮೇಲೆ ಎರಡು ದಿನ ಮಳೆ ಹೊಡೆದರೆ ಸಾಕು, ಪೂರ್ವದ ಗೋಡೆ ಬೆವರುತ್ತದೆ, ಸಂಪ್ ಪಂಪು ರಾತ್ರಿಯೆಲ್ಲ ಗುಂಯ್‌ಗುಡುತ್ತದೆ. ಒಮ್ಮೆ ಕರೆಂಟು ಹೋಗಿ ನನ್ನ ಹೆಂಡತಿಯ ಪುಸ್ತಕದ ಡಬ್ಬಗಳು, ಊರಿಂದ ಹೊತ್ತು ತಂದವು, ನೆನೆದು ಹೋದವು. ಮನೆ ಕಟ್ಟಿದವರನ್ನು ಕೇಳಿದರೆ ಈ ಸೀಮೆಯಲ್ಲಿ ಅದು ಸಹಜ ಅಂದರು. ಹಾಗಾಗಿ ಯೋಜನೆ: ಸೂರಿನ ನೀರನ್ನೂ ಗೋಡೆ ಬದಿಯ ನೀರನ್ನೂ ಹಿತ್ತಲ ತುದಿಗೆ ಒಯ್ಯುವ 80 ಅಡಿ ಕೊಳವೆ, ಪಕ್ಕದಲ್ಲೇ ಇನ್ನೊಂದು ಸಾಲಿನಲ್ಲಿ ಶೆಡ್ಡಿಗೆ ಕರೆಂಟು.

ಅಗೆಯುವ ಮೊದಲು 811ಕ್ಕೆ ಫೋನು. 2007ರಿಂದ ಇಡೀ ಅಮೆರಿಕಕ್ಕೆ ಒಂದೇ ನಂಬರು, ಪುಕ್ಕಟೆ. ಅವರ ಕಡೆಯವರು ಬಂದು ನೆಲದ ಮೇಲೆ ಬಣ್ಣ ಬಳಿದು ಹೋಗುತ್ತಾರೆ. ಕೆಂಪು ಕರೆಂಟು, ಹಳದಿ ಗ್ಯಾಸು, ಕಿತ್ತಳೆ ಫೋನು ಕೇಬಲ್ಲು, ನೀಲಿ ಕುಡಿಯುವ ನೀರು, ಹಸಿರು ಚರಂಡಿ. ಮೂರನೇ ದಿನ ನಮ್ಮ ಹುಲ್ಲುಹಾಸು ಹೋಳಿ ಆಡಿದ ಹಾಗಿತ್ತು. ನಾನು ಗೀಚಿಕೊಂಡಿದ್ದ ಕರೆಂಟಿನ ಸಾಲಿಗೆ ಅಡ್ಡಲಾಗಿ ಹಳದಿ ಗೆರೆ! ಆ ಗೆರೆಯ ಎರಡೂ ಬದಿ ಮೂರು ಮೂರು ಅಡಿ ಯಂತ್ರ ನಿಲ್ಲಿಸಿ ಕೈಯಲ್ಲೇ ಅಗೆದೆ. ಸರಪಳಿಗೆ ಬೇರು ಯಾವುದು, ಗ್ಯಾಸ್ ಪೈಪು ಯಾವುದು ಅಂತ ಭೇದವಿಲ್ಲ. ಆ ಆರು ಅಡಿಗೆ ನನಗೆ ಅರ್ಧ ದಿನ ಬೇಕಾಯಿತು. ಉಳಿದದ್ದಕ್ಕೆ ಯಂತ್ರಕ್ಕೆ ಒಂದು ಗಂಟೆಯೂ ಬೇಕಾಗಲಿಲ್ಲ.

ಇಲ್ಲಿಯ ಮಣ್ಣಿಗೆ ಹಾಯ್ಟ್‌ವಿಲ್ ಅಂತ ಹೆಸರಿದೆ. ಕಪ್ಪು ಜೇಡಿ. ಒದ್ದೆಯಿದ್ದರೆ ಹಲಸಿನ ಮೇಣ, ಒಣಗಿದರೆ ಇಟ್ಟಿಗೆ. ಮಳೆ ನಿಂತು ಮೂರನೇ ದಿನಕ್ಕೂ ಐದನೇ ದಿನಕ್ಕೂ ನಡುವೆ ಕೆಲಸ ಮುಗಿಸಬೇಕು ಅಂತ ಪ್ಲಂಬರ್ ಹೇಳಿದ್ದು ಅಕ್ಷರಶಃ ನಿಜ. ಕೊಳವೆಯ ಸಾಲಿಗೆ ಅಡಿಗೆ ಇಂಚಿನ ಎಂಟನೇ ಒಂದು ಭಾಗ ಇಳಿಜಾರು, ಅಂದರೆ 80 ಅಡಿಗೆ 10 ಇಂಚು. ಜೇಮ್ಸ್ ಹಿಲ್‌ನ ಗುರಿಗೂಟದ ಉಪಾಯವನ್ನೇ ಬಿದಿರು ಕಡ್ಡಿ, ದಾರದಲ್ಲಿ ಮಾಡಿದೆ. ಸೊಗಸಾಗಿ ಬಂತು.

ಐವತ್ತನೇ ಅಡಿಯ ಹತ್ತಿರ ಆಗರ್ ತಳ್ಳಿದ ಕಪ್ಪು ಮಣ್ಣಿನಲ್ಲಿ ಕೆಂಪು ಚೂರುಗಳು ಕಂಡವು. ಯಂತ್ರ ನಿಲ್ಲಿಸಿ ಇಳಿದು ಕೆದಕಿದರೆ ಸುಟ್ಟ ಮಣ್ಣಿನ ಕೊಳವೆ, ನಾಲ್ಕು ಇಂಚಿನದು, ಮೂರಡಿ ಆಳದಲ್ಲಿ. ಹಳೇ ಹೊಲದ ಹೆಂಚು! ಪಶ್ಚಿಮದ ಕಡೆಗೆ ಹೋಗುವ ತುಂಡು ಖಾಲಿ, ಒಣಗಿದೆ. ಪೂರ್ವದ, ಅಂದರೆ ಮನೆ ಕಡೆಯ ತುಂಡು ಎಂದೋ ಮುರಿದು ಹೂಳು ತುಂಬಿ ಕಲ್ಲಾಗಿದೆ. ದಾರ ಹಿಡಿದು ಅದರ ದಿಕ್ಕು ನೋಡಿದರೆ ನೇರ ನಮ್ಮ ಬೇಸ್‌ಮೆಂಟಿನ ಒದ್ದೆ ಗೋಡೆಗೆ ಹೋಗುತ್ತದೆ. ಅರ್ಥವಾಯಿತಲ್ಲ? ನೂರು ವರ್ಷ ಆಚೆ ಹೊಲದ ನೀರನ್ನು ಒಯ್ಯುತ್ತಿದ್ದ ಸಾಲನ್ನು ನಮ್ಮ ಮನೆಯ ಬುನಾದಿ ತೋಡುವಾಗ ಕಡಿದು ಹಾಗೇ ಮಣ್ಣು ಮುಚ್ಚಿದ್ದಾರೆ. ಆಚೆ ಹೊಲದ ನೀರು ತನ್ನ ಹಳೇ ದಾರಿಯಲ್ಲೇ ಬಂದು ನಮ್ಮ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿತ್ತು. 811ರ ಬಣ್ಣದಲ್ಲಿ ಇದು ಬರುವುದಿಲ್ಲ, ಯಾವ ನಕ್ಷೆಯಲ್ಲೂ ಇಲ್ಲ. ಅಗೆದವರು ಬರೆದಿಡಲಿಲ್ಲ, ಅವರ ಹೆಸರನ್ನೂ ಯಾರೂ ಬರೆದಿಡಲಿಲ್ಲ. ನಮ್ಮಲ್ಲಿ ಕೆರೆ ಕಾಲುವೆಗಳ ಮಣ್ಣು ಹೊತ್ತ ಭೋವಿಗಳ ಕಥೆಯೂ ಅದೇ ತಾನೆ? ಕೆರೆ ಕಟ್ಟಿಸಿದವನ ಶಾಸನ ಸಿಗುತ್ತದೆ. ಹೆಂಚಿನ ಒಂದು ತುಂಡನ್ನು ತೊಳೆದು ನೋಡಿದೆ, ಒಳಮೈಯಲ್ಲಿ ಬೆರಳು ಎಳೆದ ಹಾಗೆ ಒಂದು ಗುರುತಿತ್ತು. ಯಂತ್ರದ ಗುರುತೂ ಇರಬಹುದು.

ಗೋಡೆಯ ಆಚೆ ಬದಿಯಲ್ಲಿ ಹೆಂಚಿನ ಬಾಯನ್ನು ಹುಡುಕಿ, ಅದನ್ನು ಸುತ್ತು ಬಳಸಿ ಹೊಸ ಕೊಳವೆಗೆ ಸೇರಿಸಿದೆ. ಅಲ್ಲಿ ಐದು ಅಡಿಗೆ ಹತ್ತಿರ ಆಳ ಬೇಕಾಗಿತ್ತು, ಆ ಭಾಗಕ್ಕೆ ಮಾತ್ರ ಬಲ್ಲವರನ್ನು ಕರೆಸಿದೆ. ಒಂದು ಘನ ಗಜ ಮಣ್ಣು ಅಂದರೆ ಒಂದು ಸಣ್ಣ ಕಾರಿನಷ್ಟು ತೂಕ. ಐದು ಅಡಿ ದಾಟಿದರೆ ಗೋಡೆಗೆ ಆಸರೆ ಕೊಡದೆ ಆಳನ್ನು ಇಳಿಸಬಾರದು ಅಂತ ಇಲ್ಲಿ ನಿಯಮವಿದೆ, ಆದರೂ ಸಾಯುವವರು ಸಾಯುತ್ತಲೇ ಇದ್ದಾರೆ. ಎದೆಯವರೆಗೆ ಮಣ್ಣು ಕುಸಿದರೂ ಉಸಿರು ಎಳೆಯಲಾಗದು.

ಆಮೇಲೆ ಕಳೆದ ವಸಂತ ಬೇಸ್‌ಮೆಂಟ್ ಒಣಗಿತ್ತು. ಆದರೆ ಕೊಳವೆಯ ತುದಿಯಲ್ಲಿ ಹರಿಯುವ ನೀರನ್ನು ನೋಡುತ್ತಾ ಇನ್ನೊಂದು ವಿಷಯ ಕೊರೆಯತೊಡಗಿತು. ರಸ್ತೆ ಬದಿಯ ಕಾಲುವೆಗೆ ಬಿಟ್ಟರೆ ಅದು ಮೌಮೀ ನದಿಗೆ, ಅಲ್ಲಿಂದ ಈರಿ ಸರೋವರಕ್ಕೆ. 2014ರ ಆಗಸ್ಟ್‌ನಲ್ಲಿ ಆ ಸರೋವರದ ನೀರು ಪಾಚಿಯ ವಿಷದಿಂದಾಗಿ, ಟೊಲೆಡೋ ಸುತ್ತಲಿನ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಅಂತ ಸಾರಿದರು. ಕುದಿಸಿದರೂ ಪ್ರಯೋಜನವಿಲ್ಲ, ವಿಷ ಇನ್ನೂ ಗಟ್ಟಿಯಾಗುತ್ತದೆ. ಅಂಗಡಿಗಳಲ್ಲಿ ಬಾಟಲಿ ನೀರು ಗಂಟೆಗಳಲ್ಲಿ ಖಾಲಿ. ಪಾಚಿಗೆ ಊಟ ಹೊಲದ ಗೊಬ್ಬರದ ರಂಜಕ. ಜೌಗು ಇದ್ದಾಗ ನೀರು ತಿಂಗಳುಗಟ್ಟಲೆ ನಿಂತು ಸೋಸಿ ಹೋಗುತ್ತಿತ್ತು. ಈಗ ಹೆಂಚಿನ ಮೂಲಕ ಒಂದೆರಡು ದಿನದಲ್ಲಿ ಕಾಲುವೆಗೆ. ಸೊಳ್ಳೆ, ಜ್ವರ ಹೋಗಿ ಚಿನ್ನದಂಥ ಹೊಲ ಬಂತು, ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ತಿನ್ನುವ ಅನ್ನದ ಲೆಕ್ಕವೂ ಅದರಲ್ಲಿದೆ. ಆದರೆ ಹಿಲ್‌ನ ಚಕ್ರ ಅಷ್ಟು ಚೆನ್ನಾಗಿ ಕೆಲಸ ಮಾಡಿತು ಅನ್ನುವುದೇ ಈಗಿನ ತೊಂದರೆ.

ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ನೀರನ್ನ ನಮ್ಮ ಹಿತ್ತಲಲ್ಲೇ ಇಟ್ಕೊಂಡ್ರೆ ಆಗಲ್ವೇನ್ರೀ?" ಎಂಬತ್ತನೇ ಅಡಿಯಲ್ಲಿ, ಮನೆಗಿಂತ ತಗ್ಗಿನಲ್ಲಿ, ಒಂದೂವರೆ ಅಡಿ ಆಳದ ಅಗಲ ಹೊಂಡ ಮಾಡಿದ್ದೇವೆ. ತುಂಬಿದರೆ ಮಾತ್ರ ಮೇಲಿಂದ ಕಾಲುವೆಗೆ ಹೋಗುತ್ತದೆ. ಜೊಂಡು ತಾನಾಗಿಯೇ ಬಂತು. ಹೊಂಡದಿಂದ ಸರೋವರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಾಗದು, ಗೊತ್ತು.

ದೊಡ್ಡ ಪ್ರಮಾಣದಲ್ಲಿ ಮಾಡುವವರೂ ಇದ್ದಾರೆ. 2019ರಲ್ಲಿ ಓಹಾಯೋ ಸರ್ಕಾರ ಎಚ್2ಓಹಾಯೋ ಅನ್ನುವ ಯೋಜನೆ ಶುರುಮಾಡಿ, ಮೌಮೀ ನದಿಯ ಸೀಮೆಯಲ್ಲಿ ಹಳೇ ಹೊಲಗಳನ್ನು ಮತ್ತೆ ಜೌಗು ಮಾಡುವುದಕ್ಕೆ ಹಣ ಕೊಡುತ್ತಿದೆ. ಹೊಲ ಜೌಗಾಗಬೇಕಾದರೆ ಒಳಗಿನ ಹೆಂಚನ್ನು ಒಡೆಯಬೇಕು. ಒಡೆಯಬೇಕಾದರೆ ಅದು ಎಲ್ಲಿದೆ ಅಂತ ಗೊತ್ತಾಗಬೇಕು, ನಕ್ಷೆ ಇಲ್ಲ. ಅದಕ್ಕೆ ಹೊಲದ ಅಂಚಿಗೆ ಅಡ್ಡಲಾಗಿ ಉದ್ದಕ್ಕೂ ಕಿರಿದಾದ ಅಗಳ ಹೊಡೆಯುತ್ತಾ ಹೋಗುತ್ತಾರೆ, ಕಪ್ಪು ಮಣ್ಣಿನಲ್ಲಿ ಕೆಂಪು ಚೂರು ಕಾಣುವವರೆಗೆ.